ಕಪ್ಪು ಬಾಗಿಲಿನ ಮುಂದೆ ಮೂರು ವರ್ಷ

ನಾನು ಧೈರ್ಯವಂತೆ. ಬೇಕಾದರೆ ಹೊಸೂರಿನ ನಮ್ಮ ಶಾಲೆಯ ಏಳನೇ ತರಗತಿಯ ಯಾವ ಮಗುವನ್ನಾದರೂ ಕೇಳಿ ನೋಡಿ. ನಾನು ವರಾಂಡದಲ್ಲಿ ಒಂದು ಸಲ ಕೆಮ್ಮಿದರೆ ಸಾಕು, ಎರಡು ಕೋಣೆ ಆಚೆಗೆ ತಾನಾಗಿಯೇ ಮಗ್ಗಿ ಶುರುವಾಗುತ್ತದೆ. ಶಾಲೆಯ ಗೇಟು ದಾಟಿದ ಮೇಲೆ ಮಾತ್ರ ವಿಷಯ ಸ್ವಲ್ಪ ಬೇರೆ. ಜಿರಲೆ, ಗುಡುಗು, ಕುಕ್ಕರಿನ ವಿಷಲ್ಲು, ಹೊತ್ತಲ್ಲದ ಹೊತ್ತಿನಲ್ಲಿ ಹೊಡೆದುಕೊಳ್ಳುವ ಫೋನು, ಬೇರಿಕೆ ಊರಿಗೆ ಹೋಗುವ ಬಸ್ಸಿನ ಡ್ರೈವರು, ಇವಿಷ್ಟನ್ನು ಬಿಟ್ಟರೆ ನನಗೆ ಯಾವುದಕ್ಕೂ ಭಯವಿಲ್ಲ.

ಇಂಥ ನಾನು ಒಬ್ಬ ದೈತ್ಯನನ್ನು ಕೊಲ್ಲಬೇಕಾಗಿ ಬಂತು!

ಇದಕ್ಕೆಲ್ಲ ಮೂಲಪುರುಷರು ನನ್ನ ಯಜಮಾನರಾದ ಮಂಜುನಾಥ್. ಲಾರಿ ಫ್ಯಾಕ್ಟರಿಯಲ್ಲಿ ಕೆಲಸ. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಹಾಕುವುದನ್ನು ಕಲಿತರೆ ಪ್ರಮೋಷನ್ ಸಿಗುತ್ತದೆ ಅಂತ ಯಾರೋ ಹೇಳಿದರು. ಊರು ಬಿಟ್ಟು ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರ ಹಳೇ ಕಂಪ್ಯೂಟರನ್ನು ಇವರು ಮನೆಗೆ ತಂದರು. ಎರಡು ದಿನ ಶ್ರದ್ಧೆಯಿಂದ ಕಲಿತರು. ಮೂರನೇ ದಿನದಿಂದ ಅದರ ಮೇಲೆ ಇಸ್ತ್ರಿ ಬಟ್ಟೆ ಇಡಲು ಶುರು ಮಾಡಿದರು.

ಆ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಆಟವಿತ್ತು. ಕೊಟ್ಟವರು ಹೋಗುವಾಗ ನನಗೆ ಹೇಳಿದ್ದರು: "ಅಕ್ಕಾ, ನಾಲ್ಕೈದು ವರ್ಷದ ಹಳೇ ಆಟ. ಆದ್ರೆ ಇವತ್ತಿಗೂ ಇದನ್ನ ಮೀರ್ಸೋ ಆಟ ಬಂದಿಲ್ಲ ಅಂತಾರೆ. ಒಂದ್ಸಲ ಪೂರ್ತಿ ಮುಗಿಸಿ ನೋಡಿ."

ಕುದುರೆಯ ಮೇಲೆ ಒಬ್ಬ ವೀರ. ಅವನ ಸುತ್ತ ಬೆಟ್ಟ, ಹೊಳೆ, ಕಾಡು, ಹಳ್ಳಿ, ಸಂತೆ. ಇಲ್ಲೇ ಹೋಗಬೇಕು, ಹೀಗೇ ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಹೆಂಗಸಾಗಿ ಹುಟ್ಟಿ, ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿ, ಅತ್ತೆಯೊಂದಿಗೆ ಸಂಸಾರ ಮಾಡುವ ನನಗೆ ಇದು ಎಂಥ ವಿಷಯ ಅಂತ ನೀವೇ ಊಹಿಸಿ. ಅವನಿಗೆ ವೀರಣ್ಣ ಅಂತ ಹೆಸರಿಟ್ಟೆ. ಯಜಮಾನರು ಸೆಕೆಂಡ್ ಶಿಫ್ಟಿಗೆ ಹೋಗಿ, ಅತ್ತೆ ಊಟ ಮಾಡಿ ಮಲಗಿದ ರಜಾದಿನದ ಮಧ್ಯಾಹ್ನಗಳೆಲ್ಲ ನನ್ನವು ಮತ್ತು ವೀರಣ್ಣನವು. ಹೀಗೆ ಮೂರು ವರ್ಷ ಕಳೆಯಿತು.

ಮೂರು ವರ್ಷ ಏನು ಮಾಡಿದೆ ಅಂತ ಕೇಳಿದರೆ ಸ್ವಲ್ಪ ನಾಚಿಕೆಯಾಗುತ್ತದೆ. ಹೊಡೆದಾಟ ಒಂದನ್ನು ಬಿಟ್ಟು ಮಿಕ್ಕ ಎಲ್ಲ ಕೆಲಸವನ್ನೂ ವೀರಣ್ಣನ ಕೈಲಿ ಮಾಡಿಸಿದೆ. ಅಜ್ಜಿಯ ಕಳೆದುಹೋದ ಮೇಕೆ ಹುಡುಕಿಕೊಟ್ಟ. ಆ ಊರಿನ ಕಾಗದ ಈ ಊರಿಗೆ ಮುಟ್ಟಿಸಿದ. ಬೆಟ್ಟಬೆಟ್ಟ ಅಲೆದು ಔಷಧಿ ಸೊಪ್ಪು ಕಿತ್ತ. ಕಳ್ಳರು ಅಡ್ಡ ಬಂದರೆ ಕುದುರೆ ತಿರುಗಿಸಿಕೊಂಡು ಓಡಿದ. ಸೊಂಟದಲ್ಲಿ ಕತ್ತಿ ಇದ್ದ ಪೋಸ್ಟ್‌ಮ್ಯಾನ್ ಅಂದರೆ ಸರಿಹೋದೀತು.

ಕೊನೆಗೆ ಇಡೀ ಪ್ರಪಂಚದಲ್ಲಿ ಒಂದೇ ಒಂದು ಕೆಲಸ ಉಳಿಯಿತು. ಉತ್ತರದ ಬೆಟ್ಟದ ಗುಹೆಗೆ ಒಂದು ಕಪ್ಪು ಬಾಗಿಲು. ಅದರೊಳಗೆ ಕಬ್ಬಿಣದ ಗದೆ ಹಿಡಿದ ದೈತ್ಯ. ಅವನನ್ನು ಕೊಂದರೆ ಆಟ ಮುಗಿಯಿತು. ಒಳಗೆ ಕಾಲಿಟ್ಟ ಮೇಲೆ ಬಾಗಿಲು ಮುಚ್ಚಿಕೊಳ್ಳುತ್ತದೆ, ವಾಪಸ್ ಬರುವ ಹಾಗಿಲ್ಲ ಅಂತ ಬಾಗಿಲಲ್ಲೇ ಎಚ್ಚರಿಕೆ ಬರುತ್ತದೆ. ನಾನು ಎಚ್ಚರಿಕೆಗಳಿಗೆ ಬಹಳ ಮರ್ಯಾದೆ ಕೊಡುವವಳು. ಪ್ರತಿ ಸಲವೂ ಅದನ್ನು ಓದಿ, ಕುದುರೆ ಹತ್ತಿ, ಮತ್ತಷ್ಟು ಸೊಪ್ಪು ಕೀಳಲು ಹೋಗಿಬಿಡುತ್ತಿದ್ದೆ.

"ಏನೇ ಸರೋಜ, ಇನ್ನೂ ಸಾಯ್ಸಿಲ್ವೇನೇ ಅವ್ನನ್ನ?" ಅಂತ ಯಜಮಾನರು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಕೇಳುತ್ತಿದ್ದರು.

"ತಯಾರಿ ನಡೀತಿದೆ ರೀ."

"ಮೂರು ವರ್ಷದಿಂದ ತಯಾರಿನಾ? ನಮ್ ಫ್ಯಾಕ್ಟ್ರೀಲಿ ಇಷ್ಟೊತ್ಗೆ ಹೊಸಾ ಮಾಡೆಲ್ ಲಾರೀನೇ ಬಂದು ಹೋಗ್ಬುಡ್ತು! ಮುಗ್ಸು, ಇಲ್ಲಾ ಬಿಟ್ಬುಡು."

ಅವರಿಗೇನು ಗೊತ್ತು! ನನಗೆ ಭಯವಾಗುತ್ತಿತ್ತು. ಬಾಗಿಲಿನ ಹತ್ತಿರ ಹೋದರೆ ಒಳಗಿನಿಂದ ದೈತ್ಯ ಉಸಿರು ಬಿಡುವ ಸದ್ದು ಕೇಳುತ್ತದೆ ಅಂತ ಸ್ಪೀಕರಿನ ವೈರನ್ನೇ ಕಿತ್ತಿಟ್ಟಿದ್ದೆ. ಅದಕ್ಕಿಂತ ದೊಡ್ಡದಾದ, ಯಾರಿಗೂ ಹೇಳದ ಇನ್ನೊಂದು ಭಯವಿತ್ತು. ದೈತ್ಯ ಸತ್ತ ಮೇಲೆ ಏನು? ಆ ಬೆಟ್ಟಗಳಲ್ಲಿ ಮಾಡುವ ಕೆಲಸ ಇನ್ನೇನೂ ಇರುವುದಿಲ್ಲ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ನಾನು ಎಲ್ಲಿಗೆ ಹೋಗಲಿ?

ಹೀಗೆ ದೈತ್ಯ ಒಳಗೆ, ವೀರಣ್ಣ ಹೊರಗೆ ಅಂತ ಇಬ್ಬರೂ ಸುಖವಾಗಿರುವಾಗ ಕಂಪ್ಯೂಟರಿಗೆ ವೈರಸ್ ಬಂತು.

ಅದು ತನ್ನಷ್ಟಕ್ಕೆ ತಾನೇ ಆಫ್ ಆಗತೊಡಗಿತು. ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟಿರುವ ಮುರುಗೇಶನ್ ಎಂಬ ರಿಪೇರಿಯವರು ಬಂದು ನೋಡಿದರು. ನಲವತ್ತು ದಾಟಿದ, ಗಂಭೀರ ಮುಖದ ಮನುಷ್ಯ. ಮನೆ ಮಾತು ತಮಿಳು, ನಮ್ಮ ಮೇಲೆ ಕರುಣೆಯಿಟ್ಟು ಕನ್ನಡ. "ಫುಲ್ಲಾ ವೈರಸ್ ಮೇಡಂ. ಎಲ್ಲಾ ಅಳಿಸಿ ಫಾರ್ಮೆಟ್ ಪಣ್ಣಿಟ್ರೆ ಸರಿ ಹೋಗ್ತದೆ. ಈ ವಾರ ಪೂಜೆ ಕೆಲ್ಸ ಜಾಸ್ತಿ. ವಿಜಯದಶಮಿ ದಿನ ಬೆಳಗ್ಗೆ ಹತ್ತಕ್ಕೆ ಬಂದುಬಿಡ್ತೀನಿ."

ಎಲ್ಲಾ ಅಳಿಸಿ! ಎಲ್ಲಾ ಅಂದರೆ ವೀರಣ್ಣನೂ ಸೇರಿ. ಆಟವನ್ನು ಬೇಕಾದರೆ ಮತ್ತೆ ಹಾಕಬಹುದು, ಆದರೆ ಮೂರು ವರ್ಷ ಅಲೆದ ನನ್ನ ವೀರಣ್ಣ ಎಲ್ಲಿಂದ ಬರುತ್ತಾನೆ? ಅವನನ್ನು ಉಳಿಸಲು ದಾರಿ ಇದೆಯಾ ಅಂತ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮಕ್ಕಳಿಗೆ ಬುದ್ಧಿ ಹೇಳುವ ಟೀಚರು ಮಧ್ಯಾಹ್ನವೆಲ್ಲ ಆಟ ಆಡುತ್ತಾರೆ ಅಂತ ಬಸ್ ಸ್ಟ್ಯಾಂಡಿಗೆ ಗೊತ್ತಾದರೆ ಗತಿಯೇನು ಅಂತ ಭಯ.

ಆದ್ದರಿಂದ ನಿರ್ಧಾರ ಮಾಡಿದೆ. ಅಳಿಸುವ ಮೊದಲು ಮುಗಿಸಬೇಕು. ಪೂರ್ತಿ ಒಂದು ವಾರವಿತ್ತು. ಆ ವಾರವನ್ನು ನಾನು ಬಹಳ ಶಿಸ್ತಿನಿಂದ ಹಾಳುಮಾಡಿದೆ. ಒಂದು ದಿನ ಪರೀಕ್ಷೆ ಪೇಪರು ನೋಡಬೇಕಿತ್ತು. ಒಂದು ದಿನ ರಾಹುಕಾಲ. ಒಂದು ದಿನ ಎಲ್ಲ ಸರಿಯಿತ್ತು, ಅದಕ್ಕೇ ಅನುಮಾನ ಬಂದು ಬಿಟ್ಟೆ. ಇನ್ನೆರಡು ದಿನ ಬಾಗಿಲವರೆಗೂ ಹೋಗಿ, ಎಚ್ಚರಿಕೆ ಓದಿ, ಸೊಪ್ಪು ಕಿತ್ತುಕೊಂಡು ಬಂದೆ. ಕಣ್ಣು ಮುಚ್ಚಿ ಬಿಡುವುದರೊಳಗೆ ಆಯುಧಪೂಜೆ ಬಂದುಬಿಟ್ಟಿತು.

ಹೊಸೂರಿನಲ್ಲಿ ಆಯುಧಪೂಜೆ ಅಂದರೆ ಸಾಮಾನ್ಯ ವಿಷಯವಲ್ಲ. ವರ್ಷವಿಡೀ ಬಡಿದುಕೊಳ್ಳುವ ಊರು ಆ ದಿನ ಯಂತ್ರಗಳಿಗೆಲ್ಲ ಸ್ನಾನ ಮಾಡಿಸಿ, ಹೂ ಮುಡಿಸಿ, ಸುಮ್ಮನೆ ಕೂರಿಸುತ್ತದೆ. ನಮ್ಮ ಬೀದಿಯಲ್ಲೇ ನಾಲ್ಕು ಲೇತ್ ವರ್ಕ್‌ಶಾಪು. ಬೆಳಗಿನಿಂದಲೇ ಬಾಳೆಕಂದು, ಮೈಕಿನ ಹಾಡು, ಕಡಲೆಪುರಿಯ ಪೊಟ್ಟಣ.

ಗುಮ್ಮಳಾಪುರದ ಕಡೆಯವರಾದ ನಮ್ಮ ಅತ್ತೆ ಮನೆಯ ಆಯುಧಗಳನ್ನೆಲ್ಲ ಒಂದೆಡೆ ಸೇರಿಸಿದರು. ಈಳಿಗೆಮಣೆ, ಮಚ್ಚು, ಯಜಮಾನರ ಸ್ಪ್ಯಾನರುಗಳು, ನನ್ನ ಹೊಲಿಗೆ ಮೆಷಿನ್ನು. ಕಂಪ್ಯೂಟರ್ ಮೇಜು ಬಿಟ್ಟು ಅಲ್ಲಾಡಲ್ಲ ಅಂತ ಅದಕ್ಕೆ ಇದ್ದಲ್ಲೇ ಪೂಜೆ. ಮಾನಿಟರಿಗೆ ಚೆಂಡುಹೂವಿನ ದೊಡ್ಡ ಹಾರ. ಮೌಸಿಗೆ ಗಂಧ. ಹೊಸ್ತಿಲಿಗೆ ಇಡುವ ಹಾಗೆ ಪರದೆಯ ಗಾಜಿನ ನಾಲ್ಕೂ ಮೂಲೆಗೆ ಅರಿಶಿನ ಬಳಿದು, ಮೇಲೆ ಢಾಳಾಗಿ ಕುಂಕುಮ. ಮಂಗಳಾರತಿ ಆದ ಮೇಲೆ ಅಪ್ಪಣೆ ಹೊರಡಿಸಿದರು:

"ಪೂಜೆಗಿಕ್ಕಿದ್ ಮ್ಯಾಲೆ ನಾಳೆ ಬೆಳಿಗ್ಗೆ ಗಂಟ ಯಾರೂ ಮುಟ್ಟಂಗಿಲ್ಲ. ವರ್ಸಾ ಪೂರ್ತಿ ದುಡ್ದು ದಣ್ದವೆ. ಒಂದಿನ ಮಲ್ಗಲಿ."

"ಅತ್ತೆ, ಕಂಪ್ಯೂಟರ್ ಕೂಡಾನಾ?"

"ಅದೊಂದೇನು ಮ್ಯಾಲಿಂದ ಉದುರ್ಬುಡ್ತಾ? ಅದೂ ಆಯುಧನೇ ಕಣಮ್ಮ. ಮುಟ್ಟುದ್ರೆ ಕಣ್ಣು ಕಿತ್ಕೊಂಡ್ ಹೋಗ್ತವೆ."

ನಾಳೆ ಬೆಳಿಗ್ಗೆ ಪೂಜೆ ಇಳಿಸುವ ಹೊತ್ತಿಗೆ ಮುರುಗೇಶನ್ ಬಂದು ಬಾಗಿಲಲ್ಲಿ ನಿಂತಿರುತ್ತಾರೆ. ಈಗ ನನ್ನ ಮುಂದೆ ಎರಡು ಭಯ. ಆಡಿದರೆ ದೇವರ ಭಯ, ಜೊತೆಗೆ ಅತ್ತೆಯ ಭಯ. ಆಡದಿದ್ದರೆ ಮೂರು ವರ್ಷದ ವೀರಣ್ಣ ಬಾಗಿಲ ಹೊರಗೆ ನಿಂತಲ್ಲೇ ಮಣ್ಣುಪಾಲು, ಅದೂ ನಾನು ಹೇಡಿ ಅನ್ನುವ ಒಂದೇ ಕಾರಣಕ್ಕೆ. ಹೋಳಿಗೆ ಬಡಿಸುವಾಗ ತುಪ್ಪವೆಲ್ಲ ಯಜಮಾನರ ಎಲೆಯ ಹೊರಗೆ ಬಿತ್ತು. ಅವರು ಉಂಡು ಸ್ನೇಹಿತರ ವರ್ಕ್‌ಶಾಪಿನ ಪೂಜೆಗೆ ಹೊರಟುಹೋದರು. ಅತ್ತೆ ಮೂರು ಹೋಳಿಗೆಯ ಭಾರಕ್ಕೆ ಒಳಕೋಣೆಯಲ್ಲಿ ಒರಗಿದರು. ಗೊರಕೆ ಕೇಳಿಸಿತು.

ನಾನು ಪೂಜೆಯ ಸೀರೆಯಲ್ಲೇ ಕಂಪ್ಯೂಟರಿನ ಮುಂದೆ ನಿಂತು, ಮೂರು ಸಲ ಗಲ್ಲ ಬಡಿದುಕೊಂಡೆ. "ತಾಯೀ, ಇದನ್ನು ಆಟ ಅಂದ್ಕೋಬೇಡ. ಅಂತ್ಯಕ್ರಿಯೆ ಅಂದ್ಕೋ" ಅಂತ ಬೇಡಿಕೊಂಡು ಬಟನ್ ಒತ್ತಿದೆ.

ಮೌಸು ಗಂಧದಲ್ಲಿ ಜಾರುತ್ತಿತ್ತು. ಕೀಬೋರ್ಡಿನ ಸಂದಿಗಳಲ್ಲಿ ಅಕ್ಷತೆ. ಹಾರ ಪರದೆಯ ಮೇಲರ್ಧಕ್ಕೆ ಜೋತುಬಿದ್ದಿತ್ತು, ಹಾಗಾಗಿ ಆ ದಿನ ವೀರಣ್ಣನ ಪ್ರಪಂಚದಲ್ಲಿ ಆಕಾಶವಿರಲಿಲ್ಲ, ಬರೀ ಚೆಂಡುಹೂವು. ಹಾರವನ್ನು ಒಂದಿಷ್ಟು ಮೇಲೆತ್ತಿದೆ. ಕುಂಕುಮವನ್ನು ಮಾತ್ರ ಮುಟ್ಟಲಿಲ್ಲ. ಪೂಜೆಯ ದಿನ ಮುತ್ತೈದೆ ಕುಂಕುಮ ಒರೆಸುವುದೇ? ನನಗೆ ದೈತ್ಯನಿಗಿಂತ ಅದು ದೊಡ್ಡ ಭಯ.

ಈ ಆಟದ ಎರಡು ಸಂಗತಿ ಇಲ್ಲಿ ಹೇಳಿಬಿಡಬೇಕು. ಒಂದು, ಪರದೆಯ ಎಡಗಡೆ ಕೆಳಮೂಲೆಯಲ್ಲಿ ಸಣ್ಣದೊಂದು ಕೆಂಪು ಗುರುತು ಇರುತ್ತದೆ. ಅದೇ ವೀರಣ್ಣನ ಪ್ರಾಣ. ಪೆಟ್ಟು ಬಿದ್ದ ಹಾಗೆಲ್ಲ ಅದು ಸವೆಯುತ್ತದೆ, ಸೊಪ್ಪಿನ ರಸ ಕುಡಿಸಿದರೆ ಮತ್ತೆ ತುಂಬುತ್ತದೆ. ಇನ್ನೊಂದು, ಆಟವನ್ನು ಇದ್ದಲ್ಲಿಗೇ ಉಳಿಸಿಕೊಳ್ಳಲು ಒಂದು ಕೀ ಇದೆ. ಸತ್ತರೆ ಅಲ್ಲಿಂದಲೇ ಮತ್ತೆ ಆಡಬಹುದು. ಜಾಣರು ಹಳೆಯದನ್ನೂ ಇಟ್ಟುಕೊಂಡು ಬೇರೆಬೇರೆಯಾಗಿ ಉಳಿಸುತ್ತಾರಂತೆ. ನಾನು ಟೀಚರು. ಒಂದೇ ಕಪ್ಪುಹಲಗೆಯಲ್ಲಿ ಅಳಿಸಿ ಅಳಿಸಿ ಬರೆದು ರೂಢಿ. ಹಳೆಯದರ ಮೇಲೇ ಹೊಸದನ್ನು ಉಳಿಸುತ್ತಿದ್ದೆ. ಭಯವಾದ ತಕ್ಷಣ ಬೆರಳು ತಾನಾಗಿಯೇ ಆ ಕೀ ಮೇಲೆ ಬೀಳುತ್ತಿತ್ತು. ಅಂದರೆ ನಿಮಿಷಕ್ಕೊಂದು ಸಲ.

ಕಪ್ಪು ಬಾಗಿಲು ಬಂತು. ಎಚ್ಚರಿಕೆ ಬಂತು. ಈ ಸಲ ಓದಲಿಲ್ಲ. ಕಣ್ಣು ಮುಚ್ಚಿಕೊಂಡು ಒತ್ತಿಬಿಟ್ಟೆ!

ಕಣ್ಣು ಬಿಟ್ಟಾಗ ವೀರಣ್ಣ ಒಳಗಿದ್ದ. ಹಿಂದೆ ಬಾಗಿಲು ಮುಚ್ಚಿತ್ತು. ಎದುರಿಗೆ ಅವನು. ವೈರು ಕೀಳುವ ಮೊದಲು ಉಸಿರು ಮಾತ್ರ ಕೇಳಿದ್ದೆ, ಈಗ ಆಳನ್ನೇ ನೋಡಿದೆ. ನಮ್ಮ ಬೀದಿ ಕೊನೆಯ ನೀರಿನ ಟ್ಯಾಂಕಿಗೆ ಕೈಕಾಲು ಬಂದ ಹಾಗಿದ್ದ. ಹೊಡಿ ಅಂತ ಮನಸ್ಸು ಹೇಳಿತು, ಬೆರಳು ಕೇಳಲಿಲ್ಲ. ಗದೆ ಬಂತು. ವೀರಣ್ಣ ಮುಗ್ಗರಿಸಿದ. ಗಾಬರಿಯಿಂದ ಎಡಮೂಲೆ ನೋಡಿದೆ. ಕೆಂಪಗೆ, ತುಂಬಿ ಹೊಳೆಯುತ್ತಿದೆ! ಪರವಾಗಿಲ್ಲವೇ, ಇಷ್ಟು ದೊಡ್ಡ ಪೆಟ್ಟಿಗೂ ಜಗ್ಗಿಲ್ಲ!

ನನಗೆ ಸಣ್ಣಗೆ ಧೈರ್ಯ ಬಂತು. ಜೀವನದಲ್ಲಿ ಮೊದಲ ಸಲ. ಕತ್ತಿ ಬೀಸಿದೆ. ಅವನ ಮೊಣಕಾಲಿಗೆ ತಗುಲಿತು. ಅವನು ತಿರುಗಿ ಇನ್ನೊಂದು ಕೊಟ್ಟ. ಮೂಲೆ ನೋಡಿದೆ, ಕೆಂಪು ಕೆಂಪಾಗಿಯೇ ಇದೆ. ಮತ್ತೊಂದು ಕೊಟ್ಟ. ಕೆಂಪು ಹಾಗೇ ಇದೆ! ವೀರಣ್ಣ ಯಾಕೋ ಕುಂಟುತ್ತಿದ್ದ, ಬಗ್ಗಿ ಬಗ್ಗಿ ಉಸಿರು ಎಳೆಯುತ್ತಿದ್ದ. ನಾಟಕ ಮಾಡ್ತಿದ್ದಾನೆ ಅಂದುಕೊಂಡೆ. ಹೋಮ್‌ವರ್ಕ್ ತರದ ಮಕ್ಕಳು ಹೊಟ್ಟೆನೋವು ಅಂತ ಹೀಗೇ ಬಗ್ಗುತ್ತಾರೆ. ಮೂರು ವರ್ಷ ಕಿತ್ತ ಸೊಪ್ಪಿನ ರಸದಲ್ಲಿ ಒಂದು ತೊಟ್ಟನ್ನೂ ಕುಡಿಸಲಿಲ್ಲ. ತುಂಬಿದ ಪ್ರಾಣಕ್ಕೆ ಔಷಧಿ ಯಾಕೆ?

ದೈತ್ಯ ಗದೆಯನ್ನು ತಲೆಯ ಮೇಲೆತ್ತಿದ. ಸರಿಯಾಗಿ ಅದೇ ಕ್ಷಣಕ್ಕೆ ನಮ್ಮ ಕಿಟಕಿಯ ಹೊರಗೆ ಪಕ್ಕದ ವರ್ಕ್‌ಶಾಪಿನವರು ದೃಷ್ಟಿ ತೆಗೆದ ಬೂದುಗುಂಬಳಕಾಯಿಯನ್ನು ರಸ್ತೆಗೆ ಅಪ್ಪಳಿಸಿದರು.

ಠಪ್!

ಕುರ್ಚಿಯಿಂದ ಒಂದು ಗೇಣು ಮೇಲೆ ಹಾರಿದೆ. ಬೆರಳು ಅಭ್ಯಾಸದಂತೆ ಆ ಕೀ ಮೇಲೆ ಬಿತ್ತು. ಆಟ ಉಳಿಯಿತು. ಮರುಕ್ಷಣ ಗದೆ ಇಳಿಯಿತು. ವೀರಣ್ಣ ಸತ್ತ.

ಇರಲಿ, ಉಳಿಸಿದ್ದೇನಲ್ಲ ಅಂತ ಮತ್ತೆ ಶುರು ಮಾಡಿದೆ. ವೀರಣ್ಣ ಎದ್ದ. ತಲೆಯ ಮೇಲೆ ಗದೆ. ಸತ್ತ. ಮತ್ತೆ ಶುರು ಮಾಡಿದೆ. ಎದ್ದ, ಸತ್ತ. ಓಡಿಸಲು ನೋಡಿದೆ, ಕಾಲೆತ್ತುವುದರೊಳಗೆ ಸತ್ತ. ರಸ ಕುಡಿಸಲು ನೋಡಿದೆ, ಬಾಟಲಿ ತುಟಿಗೆ ಮುಟ್ಟುವುದರೊಳಗೆ ಸತ್ತ. ಮೂರು ವರ್ಷ ಬೆಟ್ಟ ಅಲೆದವನ ಒಟ್ಟು ಆಯಸ್ಸು ಈಗ ಒಂದು ಸೆಕೆಂಡು! ಅದಕ್ಕಿಂತ ಹಿಂದಕ್ಕೆ ಹೋಗೋಣವೆಂದರೆ ಹಲಗೆಯಲ್ಲಿ ಹಳೆಯದು ಯಾವುದೂ ಉಳಿದಿರಲಿಲ್ಲ. ಇಪ್ಪತ್ತು ಸಲವಾದರೂ ಅವನನ್ನು ಎಬ್ಬಿಸಿ ಎಬ್ಬಿಸಿ ಸಾಯಿಸಿದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಸುಳ್ಳು ಹೇಳುವುದಿಲ್ಲ, ಆ ಬೊಂಬೆಗಾಗಿ ಅತ್ತುಬಿಟ್ಟೆ.

ಆಗ ಹಿಂದಿನಿಂದ ಬಳೆಯ ಸದ್ದು. ಗೊರಕೆ ಯಾವಾಗ ನಿಂತಿತ್ತೋ ದೇವರೇ ಬಲ್ಲ! ಗಬಕ್ಕನೆ ಮಾನಿಟರಿನ ಸ್ವಿಚ್ ಆರಿಸಿದೆ. ಪರದೆ ಕಪ್ಪಾಯಿತು. ಆದರೆ ಎಡಮೂಲೆಯಲ್ಲಿ ವೀರಣ್ಣನ ಪ್ರಾಣ ಇನ್ನೂ ಕೆಂಪಗೆ ಹೊಳೆಯುತ್ತಿತ್ತು.

ಅತ್ತೆ ಇಟ್ಟ ಕುಂಕುಮ! ಇಷ್ಟು ಹೊತ್ತೂ ನಾನು ಧೈರ್ಯ ತಂದುಕೊಂಡಿದ್ದು ಅದನ್ನು ನೋಡಿ! ಅದರ ಕೆಳಗೆ ಆ ಬಡಪಾಯಿಯ ನಿಜವಾದ ಪ್ರಾಣ ಯಾವಾಗಲೋ ಸೋರಿ ಹೋಗಿತ್ತು.

"ಯಾಕಮ್ಮ, ನಿದ್ದೆ ಬರ್ನಿಲ್ವಾ?" ಅತ್ತೆ ಬಾಗಿಲಲ್ಲಿ ನಿಂತಿದ್ದರು.

ಕೈಗೆ ಸಿಕ್ಕ ಊದುಬತ್ತಿಯನ್ನು ಹಿಡಿದು ಎದ್ದು ನಿಂತೆ. "ಊದುಬತ್ತಿ ಆರಿಹೋಗಿತ್ತು ಅತ್ತೆ. ಹಚ್ಚೋಣ ಅಂತ."

"ಹೂಂ." ಅವರು ಹಾರ ನೋಡಿದರು, ಉದುರಿದ ಹೂವಿನೆಸಳು ನೋಡಿದರು, ನನ್ನ ಮುಖ ನೋಡಿದರು. "ಕಣ್ಣೆಲ್ಲ ಕೆಂಪಗೈತಲ್ಲ."

"ಹೊಗೆ ಅತ್ತೆ."

ಹಚ್ಚದ ಊದುಬತ್ತಿ ನನ್ನ ಕೈಯಲ್ಲೇ ಇತ್ತು. ಅವರು ಅಡುಗೆಮನೆಗೆ ನೀರು ಕುಡಿಯಲು ಹೋದರು. ಬದುಕಿದೆ ಅಂದುಕೊಂಡು ಉಸಿರು ಬಿಟ್ಟೆ.

ಮಾರನೇ ದಿನ ಬೆಳಿಗ್ಗೆ ಪೂಜೆ ಇಳಿಸಿದ್ದೇ ತಡ, ಮುರುಗೇಶನ್ ಬಂದರು. ಯಜಮಾನರೂ ಅತ್ತೆಯೂ ಕೂತು ನೋಡುತ್ತಿದ್ದರು. ಕೆಲಸ ಶುರುಮಾಡುವ ಮೊದಲು ಮುರುಗೇಶನ್ ಚೀಲದಿಂದ ಒಂದು ಸಿಡಿ ತೆಗೆದರು. "ಫೋಟೋ, ಲೆಟರ್ ಎಲ್ಲಾ ಫಸ್ಟ್ ಇದ್ರಲ್ಲಿ ಕಾಪಿ ಮಾಡ್ಕೋತೀನಿ ಮೇಡಂ. ಇದೇನೋ ಗೇಮ್ ಇದೆಯಲ್ಲ, ನೀವು ಆಡಿದ್ದ ಫೈಲೂ ಸೇರಿಸ್ತೀನಿ. ಏನೂ ಹೋಗಲ್ಲ, ಬಯಪ್ಪಡಾದೀಂಗ, ಭಯ ಬೇಡ."

ನಾನು ಮೆಲ್ಲಗೆ ಗೋಡೆಗೆ ಒರಗಿದೆ. ಏನೂ ಹೋಗುತ್ತಿರಲಿಲ್ಲವಂತೆ! ಒಂದು ವಾರದ ಹಿಂದೆ ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ವೀರಣ್ಣ ಇವತ್ತು ಹೊಳೆ ಪಕ್ಕ ಸೊಪ್ಪು ಕೀಳುತ್ತಿದ್ದ.

ಎಲ್ಲ ಅಳಿಸಿ, ಎಲ್ಲ ಮತ್ತೆ ಹಾಕಿ, ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಲು ಅವರು ನನ್ನ ಆಟವನ್ನೇ ತೆರೆದರು. ವೀರಣ್ಣ ಎದ್ದ. ಸತ್ತ. ಮುರುಗೇಶನ್ ಹುಬ್ಬು ಗಂಟಿಕ್ಕಿದರು. ಮತ್ತೆ ಒತ್ತಿದರು. ಸತ್ತ.

"ಎನ್ನ ಮೇಡಂ ಇದು? ಬಂದ ಕೂಡ್ಲೇ ಸಾಯ್ತಾನೆ. ಫೈಲ್ ಹಾಳಾಗಿದೆ."

"ವೈರಸ್ಸು ತಿಂದ್ಹಾಕ್ಬುಟ್ಟೈತೆ" ಅಂದರು ಯಜಮಾನರು. ನನ್ನ ಕಡೆ ತಿರುಗಿ, ನಿಜವಾದ ಅನುಕಂಪದಿಂದ, "ಪಾಪ ಕಣೇ ಸರೋಜ, ಮೂರು ವರ್ಷ ಕಷ್ಟಪಟ್ಟಿದ್ದೆ" ಅಂದರು.

ದೇವರು ತಾನಾಗಿಯೇ ಬಾಗಿಲು ತೆರೆದ ಹಾಗಾಯಿತು. "ಹೌದು ರೀ, ಹಾಳು ವೈರಸ್ಸು! ಇಲ್ಲದಿದ್ರೆ ನೆನ್ನೆಯೇ... ಅಂದ್ರೆ, ಇವತ್ತೇ ಅವನನ್ನ ಮುಗಿಸಿಬಿಡ್ತಿದ್ದೆ!" ಅಂತ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು: "ವೈರಸ್ಸು ಅಂದ್ರೆ ಏನ್ಲಾ ಮಂಜ?"

"ಅದಾ? ಯಾರ್ಗೂ ಗೊತ್ತಾಗ್ದಂಗೆ ಕಂಪ್ಯೂಟರ್ ಒಳಕ್ಕೆ ನುಗ್ಗಿ, ಇರೋದ್ನೆಲ್ಲ ಹಾಳ್ ಮಾಡ್ತದೆ ಕಣಮ್ಮ. ಕಣ್ಣಿಗ್ ಕಾಣಲ್ಲ."

"ಕಾಣ್ದೇ ಏನು, ನಾನು ನೋಡಿವ್ನಿ ಬುಡ್ಲಾ" ಅಂದರು ಅತ್ತೆ, ಎಲೆ ಮಡಚಿ ಬಾಯಿಗಿಟ್ಟುಕೊಳ್ಳುತ್ತಾ. "ನೆನ್ನೆ ಮಧ್ಯಾನ್ನ ಸೀರೆ ಉಟ್ಕೊಂಡು ಇದೇ ಕುರ್ಚಿ ಮ್ಯಾಲೆ ಕುಂತಿತ್ತು."

ಯಜಮಾನರು ನನ್ನನ್ನು ನೋಡಿದರು. ಮುರುಗೇಶನ್ ಕೂಡ ನೋಡಿದರು. ಪರದೆಯ ಮೇಲೆ ವೀರಣ್ಣ ಇನ್ನೊಂದು ಸಲ ಸತ್ತ. ಹೇಗಾದರೂ ಆ ಕಪ್ಪು ಬಾಗಿಲಿನೊಳಕ್ಕೆ ನುಗ್ಗಿ ಅವಿತುಕೊಂಡುಬಿಡೋಣ ಅನ್ನಿಸಿತು. ಆದರೆ ಒಳಗೆ ಅವನಿದ್ದಾನಲ್ಲ, ನನಗೆ ಭಯ!